ನಡೆದದ್ದೋ, ಕಟ್ಟಿದ್ದೋ? ಹಾಡು ಬರೆಯುವವರಿಗೆ ಒಂದು ದಾರಿ

ನನ್ನ ಹಳೆಯ ನೋಟ್‌ಬುಕ್‌ನಲ್ಲಿ ಒಂದು ಹಾಡು ಹೀಗೆ ಶುರುವಾಗುತ್ತದೆ:

ಮನೆಯ ಬಿಟ್ಟು ಹೊರಟೆ ನಾನು, ಮನಸು ಭಾರವಾಯಿತು
ನೆನಪುಗಳು ಕಾಡಿದವು, ಕಣ್ಣು ತುಂಬಿ ಬಂದಿತು

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಏಳು ವರ್ಷ ಇದ್ದ ಬಾಡಿಗೆ ಮನೆ ಖಾಲಿ ಮಾಡಿದ ದಿನ ರಾತ್ರಿ ಬರೆದದ್ದು. ಮನಸ್ಸು ನಿಜವಾಗಿ ಭಾರವಾಗಿತ್ತು. ಕಣ್ಣೂ ತುಂಬಿತ್ತು. ಆದರೆ ಈಗ ಓದಿದರೆ ಯಾರದೋ ಹತ್ತು ಹಾಡುಗಳಿಂದ ಸಾಲು ಎತ್ತಿ ಜೋಡಿಸಿದ ಹಾಗಿದೆ.

ಅದೇ ನೋಟ್‌ಬುಕ್‌ನಲ್ಲಿ ಇನ್ನೊಂದಷ್ಟು ಪುಟ ದಾಟಿದರೆ ದೋಣಿ ನಡೆಸುವವನ ಹಾಡು ಸಿಗುತ್ತದೆ. ನಾನು ಒಮ್ಮೆಯೂ ಹುಟ್ಟು ಹಿಡಿದಿಲ್ಲ. ಈಜು ಕೂಡ ಬರುವುದಿಲ್ಲ. ಆ ಹಾಡು ಕೇಳಿದ ಇಬ್ಬರು ಮಾತ್ರ ಬೇರೆ ಬೇರೆ ದಿನ ಬಂದು, "ನಿಮ್ಮ ಮನೇಲಿ ದೋಣಿ ಇತ್ತಾ?" ಎಂದು ಕೇಳಿದ್ದರು.

ನಿಜ ಬರೆದದ್ದು ಸುಳ್ಳಿನ ಹಾಗೆ ಕೇಳಿಸಿತು. ಸುಳ್ಳು ಬರೆದದ್ದನ್ನು ಜನ ನಂಬಿದರು. ಯಾಕೆ ಹೀಗಾಯಿತು ಅಂತ ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ. ಹಾಡು ಕೇಳುವವರಿಗೆ ನಮ್ಮ ಜೀವನದಲ್ಲಿ ಏನು ನಡೆಯಿತು ಅಂತ ಪರೀಕ್ಷಿಸಲು ದಾರಿಯಿಲ್ಲ. ಅವರಿಗೆ ಗೊತ್ತಾಗುವುದು ಒಂದೇ: ಇವರು ಕಣ್ಣಿಟ್ಟು ನೋಡಿ ಬರೆದಿದ್ದಾರಾ, ಸುಮ್ನೆ ಬರೆದಿದ್ದಾರಾ ಅಂತ. ಅನುಭವವಾದರೂ ಅಷ್ಟೇ, ಕಲ್ಪನೆಯಾದರೂ ಅಷ್ಟೇ. ಹಾಗಾಗಿ "ಸ್ವಂತ ಅನುಭವ ಬರೆಯಲಾ, ಕಲ್ಪಿಸಿ ಬರೆಯಲಾ?" ಎಂದು ಕೇಳುವವರಿಗೆ ನಾನು ಎರಡೂ ಅನ್ನುತ್ತೇನೆ. ಆದರೆ ಯಾವುದನ್ನು ಯಾವಾಗ ಕೈಗೆತ್ತಿಕೊಳ್ಳಬೇಕು ಅನ್ನುವುದಕ್ಕೆ ಒಂದು ಕ್ರಮ ಇದೆ. ಆ ಮನೆ ಹಾಡನ್ನೇ ಇಟ್ಟುಕೊಂಡು ಹೇಳುತ್ತೇನೆ, ಯಾಕೆಂದರೆ ಕೊನೆಗೆ ಅದನ್ನು ಪೂರ್ತಿ ಹೊಸದಾಗಿ ಬರೆಯಬೇಕಾಯಿತು.

1. ಮೊದಲು ಗದ್ಯ

ಪ್ರಾಸ ಬೇಡ, ಟ್ಯೂನ್ ಬೇಡ. ನಡೆದದ್ದನ್ನು ಹತ್ತು ನಿಮಿಷ ಸಾದಾ ಗದ್ಯದಲ್ಲಿ ಬರೆಯಿರಿ. ಒಂದೇ ನಿಯಮ: ಭಾವನೆಯ ಹೆಸರು ಬರಬಾರದು. ದುಃಖ, ನೋವು, ಖುಷಿ, ವಿರಹ, ನೆನಪು, ಮನಸು, ಹೃದಯ, ಇವೆಲ್ಲ ಹೊರಗೆ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ಕೈಗೆ ತಾಗಿದ್ದು, ಮೂಗಿಗೆ ಬಂದದ್ದು ಮಾತ್ರ.

ನನ್ನದು ಹೀಗೆ ಬಂತು:

"ಕ್ಯಾಲೆಂಡರ್ ತೆಗೆದೆ. ಅದರ ಹಿಂದೆ ಗೋಡೆ ಬೆಳ್ಳಗಿತ್ತು, ಸುತ್ತ ಮಾಸಿತ್ತು. ಮಾತಾಡಿದರೆ ಖಾಲಿ ಕೋಣೆಯಲ್ಲಿ ದನಿ ಗುಂಯ್ ಅನ್ನುತ್ತಿತ್ತು. ಮಾಲೀಕರು ನಲ್ಲಿ ತಿರುಗಿಸಿ ನೋಡಿದರು, ನನ್ನ ಮುಖ ನೋಡಲಿಲ್ಲ. ಎರಡು ಬೀಗದ ಕೈ ಕೊಟ್ಟೆ. ಮೂರನೆಯದು ಬ್ಯಾಗಿನ ಒಳಜೇಬಿನಲ್ಲೇ ಉಳಿದಿತ್ತು ಅಂತ ವಾರದ ಮೇಲೆ ಗೊತ್ತಾಯಿತು."

ಐದಾರು ವಾಕ್ಯ, ಅಷ್ಟೇ. ಆದರೆ ಮೇಲಿನ ಎರಡು ಸಾಲಿನ ಹಾಡಿಗಿಂತ ಇದರಲ್ಲಿ ಜಾಸ್ತಿ ಜೀವ ಇದೆ, ಅಲ್ವಾ? ಭಾವನೆಯ ಹೆಸರು ಬಿಟ್ಟ ತಕ್ಷಣ ಭಾವನೆಯೇ ಬೇರೆ ಬಾಗಿಲಿಂದ ಒಳಗೆ ಬರುತ್ತದೆ. ಇದು ನನಗೆ ಈಗಲೂ ಸ್ವಲ್ಪ ಮ್ಯಾಜಿಕ್ ಅನಿಸುತ್ತದೆ.

ಘಟನೆ ತುಂಬಾ ಹಳೆಯದಾಗಿದ್ದರೆ ವಿವರ ನೆನಪಾಗುವುದಿಲ್ಲ. ಆಗ "ಏನಾಯಿತು?" ಎಂದು ಕೇಳಿಕೊಂಡರೆ ಪ್ರಯೋಜನವಿಲ್ಲ. "ಆಗ ನನ್ನ ಕೈ ಎಲ್ಲಿತ್ತು?" ಎಂದು ಕೇಳಿಕೊಳ್ಳಿ. ಕೈ ಜೇಬಿನಲ್ಲಿತ್ತಾ, ಬಾಗಿಲ ಹಿಡಿಯ ಮೇಲಿತ್ತಾ, ಇನ್ನೊಬ್ಬರ ಹೆಗಲ ಮೇಲಿತ್ತಾ? ಕೈ ಸಿಕ್ಕರೆ ಕೋಣೆ ಸಿಗುತ್ತದೆ.

2. ಒಂದನ್ನು ಇಟ್ಟುಕೊಳ್ಳಿ, ಉಳಿದದ್ದು ಬಿಡಿ

ಸಾಮಾನ್ಯವಾಗಿ ಒಂದು ಹಾಡು ಮೂರು-ನಾಲ್ಕು ನಿಮಿಷ ಇರುತ್ತದೆ. ಒಂದು ಪಲ್ಲವಿ, ಎರಡೋ ಮೂರೋ ಚರಣ. ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ನಡುವೆ ಬರೀ ವಾದ್ಯ ನುಡಿಯುವ ಜಾಗವೂ ಇರುತ್ತದೆ. ಅದನ್ನೆಲ್ಲ ಕಳೆದರೆ ಹೊಸ ಮಾತಿಗೆ ಉಳಿಯುವುದು ಹತ್ತು-ಹದಿನೈದು ಸಾಲು. ಏಳು ವರ್ಷದ ಬಾಳು ಅದರಲ್ಲಿ ಹಿಡಿಸುವುದಿಲ್ಲ. ಒಂದು ಮಧ್ಯಾಹ್ನವೂ ಕಷ್ಟವೇ.

ಬೇಂದ್ರೆಯವರ "ನೀ ಹಿಂಗ ನೋಡಬ್ಯಾಡ ನನ್ನ" ಇದಕ್ಕೆ ದೊಡ್ಡ ಪಾಠ. ಮಗುವನ್ನು ಕಳೆದುಕೊಂಡ ನೋವಿನಲ್ಲಿ ಹುಟ್ಟಿದ ಹಾಡು ಅದು. ಎಷ್ಟೋ ಜನ ಪ್ರೇಮಗೀತೆ ಅಂದುಕೊಂಡೇ ಕೇಳುತ್ತಾರೆ. ಮಗುವಿಗೆ ಏನಾಯಿತು, ಹೇಗಾಯಿತು, ಯಾರು ಬಂದರು ಅಂತ ಕವಿ ವರದಿ ಕೊಡುವುದಿಲ್ಲ. ಹೆಂಡತಿಯ ಒಂದು ನೋಟವನ್ನು ಹಿಡಿಯುತ್ತಾರೆ. ಆ ನೋಟವನ್ನು ಎದುರಿಸಲಾಗದ ಗಂಡನ ಮಾತೇ ಪಲ್ಲವಿ. ಅಷ್ಟು ದೊಡ್ಡ ನೋವಿಗೆ ಅಷ್ಟು ಚಿಕ್ಕ ಬಾಗಿಲು.

ನಿಮ್ಮ ಗದ್ಯದಲ್ಲಿ ಆ ಚಿಕ್ಕ ಬಾಗಿಲು ಯಾವುದು ಅಂತ ಹುಡುಕಿ. ನನಗೆ ಎರಡು ಕಂಡವು: ಗೋಡೆಯ ಮೇಲಿನ ಬಿಳಿ ಚೌಕ, ಬ್ಯಾಗಿನಲ್ಲಿ ಉಳಿದ ಬೀಗದ ಕೈ. ನಲ್ಲಿ ತಿರುಗಿಸಿದ ಮಾಲೀಕರನ್ನು ಬಿಡಲು ಮನಸ್ಸೇ ಬರಲಿಲ್ಲ, ಸಿಟ್ಟಿತ್ತಲ್ಲ. ಆದರೆ ಅವರು ಬಂದರೆ ಹಾಡು ಅವರ ಮೇಲಿನ ದೂರಾಗುತ್ತಿತ್ತು. ಬಿಟ್ಟೆ.

3. ನಡೆದದ್ದು ಬೇರೆ, ಅನಿಸಿದ್ದು ಬೇರೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊಸದಾಗಿ ಬರೆಯುವವರಲ್ಲಿ ಜಾಸ್ತಿ ಜನ ಎಡವುವ ಜಾಗ ಇದೇ.

ಪುಟದ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ ನಡೆದದ್ದು, ಬಲಕ್ಕೆ ಅನಿಸಿದ್ದು. ಮೊದಲ ಹಂತದಲ್ಲಿ ಭಾವನೆಯ ಹೆಸರು ಬೇಡ ಅಂದಿದ್ದೆ. ಈಗ ಬೇಕು, ಆದರೆ ಸರಿಯಾದ ಹೆಸರು ಬೇಕು. "ದುಃಖ" ಅಂತ ಬರೆದು ಮುಂದೆ ಹೋದರೆ ಆಗದು. ಎಂಥ ದುಃಖ? ನಾನು ಮೂರು ಸಲ ಹೊಡೆದು ಹಾಕಿ ನಾಲ್ಕನೆಯ ಸಲ ಬರೆದದ್ದು ಇದು: "ಏಳು ವರ್ಷ ಇದ್ದೆ, ಆದರೆ ಈ ಮನೆಗೆ ನಾನಿದ್ದದ್ದೇ ಗೊತ್ತಿಲ್ಲ ಅನ್ನುವ ಸಣ್ಣ ಅವಮಾನ." ಓದಿ ನನಗೇ ಆಶ್ಚರ್ಯವಾಯಿತು. ಮನೆ ಬಿಟ್ಟ ಬೇಸರ ಅಂದುಕೊಂಡಿದ್ದೆ. ಒಳಗೆ ಕೂತಿದ್ದು ಅವಮಾನ.

ಬಲಗಡೆಯದನ್ನು ಮುಟ್ಟಬೇಡಿ. ಅದು ನಿಮ್ಮದು, ನೀವು ಅನುಭವಿಸಿ ಖಾತ್ರಿ ಮಾಡಿಕೊಂಡದ್ದು. ಎಡಗಡೆಯದರಲ್ಲಿ ಏನು ಬೇಕಾದರೂ ಬದಲಾಯಿಸಬಹುದು. ಮನೆ ಹಡಗಾಗಬಹುದು, ಮಾಲೀಕರು ಮಾಯವಾಗಬಹುದು, ಏಳು ವರ್ಷ ಒಂದೇ ರಾತ್ರಿ ಆಗಬಹುದು. ಆ ಸಣ್ಣ ಅವಮಾನ ಉಳಿದಿದ್ದರೆ ಹಾಡು ನಿಮ್ಮದೇ.

ಇದಕ್ಕೆ ಒಂದು ವಾದ ಬರುತ್ತದೆ. ನಾನೂ ಎಷ್ಟೋ ಸಲ ಮಾಡಿದ್ದೇನೆ. ಯಾರಾದರೂ "ಈ ಸಾಲು ಯಾಕೋ ಕೂರ್ತಿಲ್ಲ" ಅಂದಾಗ, "ಆದರೆ ನಿಜವಾಗಿ ಹಾಗೇ ಆಯ್ತಲ್ಲ!" ಅನ್ನುವುದು. ಇದು ಹಾಡಿಗೆ ಸಾಕ್ಷಿ ಆಗುವುದಿಲ್ಲ. ಹಾಗೇ ಆಗಿದ್ದರೂ ಸಾಲು ಕೂರದಿದ್ದರೆ ಕೂರಲಿಲ್ಲ ಅಷ್ಟೇ. ನಡೆದದ್ದಕ್ಕೆ ನಿಷ್ಠೆ ಇಡಬೇಕಾದ ಜಾಗ ಡೈರಿ.

4. ಈಗ ಸುಳ್ಳು ಹೇಳಿ, ಒಂದೊಂದೇ

ಕಲ್ಪನೆ ಅಂದರೆ ಏನೂ ಇಲ್ಲದ ಕಡೆಯಿಂದ ಎಲ್ಲವನ್ನೂ ತರುವುದು ಅಂತ ಹಲವರು ಹೆದರುತ್ತಾರೆ. ಅಷ್ಟು ಕಷ್ಟಪಡಬೇಕಾಗಿಲ್ಲ. ಎಡಗಡೆಯ ಪಟ್ಟಿಯಲ್ಲಿ ಒಂದನ್ನು ಹಿಡಿದು "ಹೀಗಾಗಿದ್ದರೆ?" ಎಂದು ಕೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಹಾಡು ಚಿಗುರಿತು, ಯಾವುದರಿಂದ ಸತ್ತಿತು ಅಂತ ಗೊತ್ತಾಗುವುದಿಲ್ಲ.

ನಾನು ಕೇಳಿಕೊಂಡದ್ದು: ಬೀಗದ ಕೈಯನ್ನು ಮರೆತು ಅಲ್ಲ, ಬೇಕಂತಲೇ ಇಟ್ಟುಕೊಂಡಿದ್ದರೆ? ಚೆನ್ನಾಗಿತ್ತು. ಒಬ್ಬ ಮನುಷ್ಯ ಯಾಕೆ ಹಾಗೆ ಮಾಡುತ್ತಾನೆ ಅಂತ ಕುತೂಹಲ ಹುಟ್ಟಿತು. ಮತ್ತೆ: ರಾತ್ರಿ ವಾಪಸ್ ಹೋಗಿ ಬಾಗಿಲು ತೆಗೆಯಲು ನೋಡಿದರೆ? ಇದು ಕಳ್ಳನ ಕಥೆ ಆಗತೊಡಗಿತು, ಅವಮಾನ ಮರೆಯಾಯಿತು. ಬೇಡ. ಮತ್ತೆ: ಮನೆಯೇ ಹಾಡಿದರೆ? ಗೋಡೆ ಮಾತಾಡುವ ಹಾಡು ನನಗೆ ಅಷ್ಟಕ್ಕಷ್ಟೇ, ಅದನ್ನೂ ಬಿಟ್ಟೆ. ಆಮೇಲೆ ಇನ್ನೊಂದು ಬಂತು: ಹೊಸದಾಗಿ ಬಾಡಿಗೆಗೆ ಬಂದವರು ಆ ಬಿಳಿ ಚೌಕವನ್ನು ನೋಡಿದರೆ?

ಅಲ್ಲಿ ಹಾಡು ಸಿಕ್ಕಿತು. ನಾನಿದ್ದದ್ದು ಮನೆಗೆ ಗೊತ್ತಿಲ್ಲ ಅನ್ನುವುದಲ್ಲವೇ ಅವಮಾನ? ಹಾಗಾದರೆ ಗೊತ್ತಾಗಬೇಕಾದ ಒಬ್ಬ ವ್ಯಕ್ತಿಯನ್ನು ಕರೆತಂದು ಗೋಡೆಯ ಮುಂದೆ ನಿಲ್ಲಿಸಿದೆ. ಆ ವ್ಯಕ್ತಿಯನ್ನು ನಾನು ಕಂಡೇ ಇಲ್ಲ.

ಎರಡು ಬೇರೆ ಬೇರೆ ಅನುಭವಗಳನ್ನು ಹೊಲಿದು ಒಂದು ಮಾಡುವುದೂ ಕಲ್ಪನೆಯೇ. 1973ರಲ್ಲಿ ಬಂದ, ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಅವರ "ಜೋಲೀನ್" ಹಾಡು ಹಾಗೆ ಹುಟ್ಟಿದ್ದು. ಗಂಡನ ಜೊತೆ ಸಲಿಗೆ ತೋರಿಸುತ್ತಿದ್ದ ಬ್ಯಾಂಕಿನ ಕೆಂಪು ಕೂದಲಿನ ಹುಡುಗಿ ಒಬ್ಬಳು ನಿಜವಾಗಿ ಇದ್ದಳು. ಆದರೆ ಜೋಲೀನ್ ಅನ್ನುವ ಹೆಸರು ಅವಳದಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹಸ್ತಾಕ್ಷರ ಕೇಳಲು ಬಂದ ಪುಟ್ಟ ಹುಡುಗಿಯೊಬ್ಬಳದು. ಮನೆಯಲ್ಲಿ ಗಂಡ ಹೆಂಡತಿ ಆ ಬ್ಯಾಂಕಿನ ವಿಷಯ ತಮಾಷೆ ಮಾಡಿಕೊಂಡಿದ್ದರಂತೆ. ಹಾಡಿನಲ್ಲಿ ಮಾತ್ರ ನನ್ನ ಗಂಡನನ್ನು ಕಿತ್ತುಕೊಳ್ಳಬೇಡ ಅಂತ ಹೆಂಡತಿ ಜೋಲೀನ್ ಮುಂದೆ ಅಂಗಲಾಚುತ್ತಾಳೆ. ಮುಖ ಒಂದು ಕಡೆಯದು, ಹೆಸರು ಇನ್ನೊಂದು ಕಡೆಯದು, ಭಯ ಎರಡು ಪಟ್ಟು ಬೆಳೆಸಿದ್ದು.

5. ಯಾರು ಹಾಡುವುದು, ಯಾರಿಗೆ?

ಅನುಭವ ನಿಮ್ಮದು ಅಂದ ಮಾತ್ರಕ್ಕೆ ಹಾಡಿನ "ನಾನು" ನೀವೇ ಆಗಬೇಕಿಲ್ಲ. ಒಂದೇ ಸಾಲನ್ನು ನಾನು, ನೀನು, ಅವಳು ಅಂತ ಮೂರು ಥರ ಬರೆದು ಬಾಯಲ್ಲಿ ಹೇಳಿ ನೋಡಿ.

ಕನ್ನಡ ಇಲ್ಲಿ ನಮಗೊಂದು ಸಹಾಯ ಮಾಡುತ್ತದೆ. "ಬಂದೆ", "ಬಂದೆಯಾ" ಅಂದರೆ ಹಾಡುವವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. "ಬಂದಳು", "ಬಂದನು" ಅಂದ ಕೂಡಲೇ ತಿಳಿದುಬಿಡುತ್ತದೆ. ಆದ್ದರಿಂದ ನಾನು-ನೀನು ನಡುವಿನ ಹಾಡನ್ನು ಯಾರು ಬೇಕಾದರೂ ತಮ್ಮದು ಮಾಡಿಕೊಳ್ಳಬಹುದು. ಅವನು-ಅವಳು ಬಂದರೆ ಕೇಳುವವರು ಸ್ವಲ್ಪ ದೂರ ನಿಂತು ಕಥೆ ನೋಡುತ್ತಾರೆ. ಎರಡೂ ಒಳ್ಳೆಯದೇ, ಆದರೆ ಆಯ್ಕೆ ಗೊತ್ತಿದ್ದು ಮಾಡಬೇಕು. ತುಂಬಾ ಸ್ವಂತದ ವಿಷಯ, ಬರೆಯುವಾಗ ಗಂಟಲು ಕಟ್ಟುತ್ತದೆ ಅಂದರೆ "ಅವಳು" ಅಥವಾ "ಅವನು" ಅಂತ ಬರೆಯಿರಿ. ಉಸಿರಾಡಲು ಜಾಗ ಸಿಗುತ್ತದೆ. ಪೂರ್ತಿ ಕಲ್ಪನೆಯ ಪಾತ್ರವಾದರೆ ಉಲ್ಟಾ ಮಾಡಿ, "ನಾನು" ಅಂತ ಬರೆಯಿರಿ. ಪರಕೀಯ ಪಾತ್ರದ ಒಳಗೆ ನುಗ್ಗಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ನೀನು, ನೀವು ವಿಷಯದಲ್ಲೂ ಎಚ್ಚರ ಬೇಕು. "ನೀವು" ಅಂದರೆ ನಡುವೆ ಒಂದು ಮೇಜು ಬಂದ ಹಾಗೆ. ಹೊಸ ಬಾಡಿಗೆಯವರಿಗೆ ನಿಜ ಜೀವನದಲ್ಲಿ ನಾನು ಖಂಡಿತ "ನೀವು" ಅನ್ನುತ್ತಿದ್ದೆ. ಹಾಡಿನಲ್ಲಿ "ನೀನು" ಅಂದೆ. ಒಂದೇ ಮನೆಯಲ್ಲಿ ಬೇರೆ ಬೇರೆ ಕಾಲಕ್ಕೆ ಇದ್ದವರು ನಾವು, ಅಷ್ಟು ಸಲಿಗೆ ಇರಲಿ ಅನಿಸಿತು.

6. ಟ್ಯೂನ್ ಬಂದಾಗ ಸತ್ಯ ಬಗ್ಗುತ್ತದೆ

ಕೊನೆಗೆ ಬಂದ ಪಲ್ಲವಿ ಮತ್ತು ಮೊದಲ ಚರಣ ಇದು:

ಬೀಗ ನಿನ್ನದು, ಕೀಲಿ ನನ್ನಲಿ
ಯಾರ ಮನೆಯಿದು ಈಗ?

ಗೋಡೆ ಮೇಲಿನ ಬಿಳಿಯ ಚೌಕದ
ಸುತ್ತ ವರುಷದ ಧೂಳು
ಏನು ತೂಗಿತ್ತಿಲ್ಲಿ ಎನ್ನುತ
ನಿಂತು ಗೋಡೆಯ ಕೇಳು

ನಡೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯದು. ಕನ್ನಡದ ಕಿವಿಗೆ ಇದು ಹಳೆಯ ನೆಂಟ, ಭಾಮಿನಿ ಷಟ್ಪದಿ ನಡೆಯುವುದೂ ಹೀಗೆಯೇ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ: ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ, ಸೊನ್ನೆ ಇರುವುದಕ್ಕೂ, "ರ್" ಥರದ ಅರ್ಧಾಕ್ಷರ ಸೇರಿದ್ದಕ್ಕೂ ಎರಡು. "ಬೀಗದ ಕೈ" ಅಂದರೆ ಆರು ಮಾತ್ರೆ. ನನಗೆ ಇದ್ದ ಜಾಗ ಮೂರು. ಅದಕ್ಕೇ "ಕೀಲಿ" ಬಂತು. ಕೆಲವು ಕಡೆ ಕೀಲಿ ಅಂದರೆ ಬೀಗವೇ ಅಂತ ಗೊತ್ತು. ಆದರೆ ಪಕ್ಕದಲ್ಲೇ ಬೀಗ ಇರುವುದರಿಂದ ಅರ್ಥ ಕೆಡುವುದಿಲ್ಲ ಅಂತ ಧೈರ್ಯ ಮಾಡಿದೆ. "ಕ್ಯಾಲೆಂಡರ್" ಕೂಡ ಆರು ಮಾತ್ರೆ, ಅದೂ ಹೋಯಿತು. "ಏಳು" ಅನ್ನುವ ಸಂಖ್ಯೆಯೂ ಹೋಯಿತು. ಆ ಏಳು ನನಗೆ ಮುಖ್ಯವಾಗಿತ್ತು, ಹಾಡಿಗೆ ಅಲ್ಲ.

ಎಳೆಯಬೇಕಾದ ಜಾಗದಲ್ಲಿ ದೀರ್ಘ ಸ್ವರ ಇರಲಿ. "ಈಗ" ಅನ್ನುವುದನ್ನು ಉಸಿರು ಇರುವ ತನಕ ಎಳೆಯಬಹುದು. "ಬಿಟ್ಟು" ಅನ್ನುವುದನ್ನು ಎಳೆದು ನೋಡಿ, ನಗು ಬರುತ್ತದೆ. ನಿಮ್ಮ ಅತ್ಯಂತ ಪ್ರಾಮಾಣಿಕ ಪದ ಒತ್ತಕ್ಷರದ್ದಾಗಿದ್ದರೆ ಅದಕ್ಕೆ ಸಾಲಿನ ನಡುವೆ ಜಾಗ ಕೊಡಿ, ಕೊನೆಗೆ ತರಬೇಡಿ.

ಇನ್ನೊಂದು ಮಾತು. ಪಲ್ಲವಿ ಮೂರು-ನಾಲ್ಕು ಸಲ ಬರುತ್ತದೆ, ಪ್ರತಿ ಸಲವೂ ಅದು ನಿಲ್ಲಬೇಕು. ಹಾಗಾಗಿ ನಿಮಗೊಬ್ಬರಿಗೇ ಗೊತ್ತಿರುವ ವಿವರವನ್ನು ಪಲ್ಲವಿಗೆ ತುಂಬಬೇಡಿ, ಚರಣಕ್ಕೆ ಕೊಡಿ. ಬಿಳಿ ಚೌಕ ಚರಣದ್ದು. "ಯಾರ ಮನೆಯಿದು ಈಗ" ಪಲ್ಲವಿಯದು, ಯಾಕೆಂದರೆ ಆ ಪ್ರಶ್ನೆಯನ್ನು ಮನೆ ಬಿಡದವರೂ ಕೇಳಬಹುದು.

7. ಅನುಭವವೇ ಇಲ್ಲದ ವಿಷಯ ಬಂದರೆ

ದೋಣಿಯ ಹಾಡಿನ ಕಥೆ ಹೇಳುತ್ತೇನೆ. ಒಂದು ಚಿಕ್ಕ ನಾಟಕಕ್ಕೆ ಬೇಕಿತ್ತು. ಮೊದಲ ದಿನ ಕೂತು ಬರೆದದ್ದು ಅಲೆಗಳೇ, ಗಾಳಿಯೇ, ನನ್ನ ದಡ ಸೇರಿಸಿ ಅಂತ. ಇದನ್ನು ನದಿ ನೋಡದವರೂ ಬರೆಯಬಹುದು. ನಾನು ಬರೆದದ್ದೂ ಹಾಗೆಯೇ.

ಆಮೇಲೆ ದೋಣಿ ನಡೆಸಿದ ಒಬ್ಬ ಹಿರಿಯರನ್ನು ಮಾತಾಡಿಸಿದೆ. "ನಿಮಗೆ ಹೇಗನಿಸುತ್ತೆ?" ಎಂದು ಕೇಳಿದರೆ ಯಾರೂ ಉತ್ತರ ಕೊಡಲಾರರು. ಬದಲಿಗೆ ಕೆಲಸದ ಬಗ್ಗೆ ಕೇಳಬೇಕು. ಕೈಯಲ್ಲಿ ಮೊದಲು ಎಲ್ಲಿ ಬೊಬ್ಬೆ ಬರುತ್ತದೆ? ಕೆಲಸ ಮುಗಿದ ಮೇಲೆ ಎಲ್ಲಿ ನೋಯುತ್ತದೆ? ಕಣ್ಣು ಎಲ್ಲಿಟ್ಟಿರುತ್ತೀರಿ? ಕಣ್ಣಿನ ಪ್ರಶ್ನೆಗೆ ಅವರು ಹೇಳಿದ್ದು ಕೇಳಿ ನಾನು ಪೆನ್ನು ಕೆಳಗಿಟ್ಟೆ. ಎರಡು ಹುಟ್ಟು ಹಾಕುವ ದೋಣಿಯಲ್ಲಿ ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾನೆ. ಅವನಿಗೆ ಕಾಣುವುದು ಬಿಟ್ಟು ಬಂದ ದಡ. ಆ ದಡದ ಎರಡು ಗುರುತುಗಳನ್ನು, ಒಂದರ ಹಿಂದೆ ಒಂದು ಇರುವ ಎರಡು ಮರಗಳನ್ನು ಅಂದುಕೊಳ್ಳಿ, ಒಂದೇ ಸಾಲಿನಲ್ಲಿ ಇಟ್ಟುಕೊಂಡರೆ ದೋಣಿ ನೇರ ಹೋಗುತ್ತದೆ. ಅಲೆಯನ್ನು ಯಾರೂ ನೋಡುತ್ತಾ ಕೂರುವುದಿಲ್ಲ.

ಬಿಟ್ಟ ದಡವೇ ಕಣ್ಣ ಮುಂದಿದೆ
ಸೇರೊ ದಡವೋ ಬೆನ್ನಿಗೆ

ಇಷ್ಟು ಬಂದ ಮೇಲೆ ಉಳಿದದ್ದು ತಾನಾಗಿ ಬಂತು. ಯಾಕೆ ಅಂತ ಆಮೇಲೆ ಹೊಳೆಯಿತು. ಮೊದಲ ಸಲ ಮನೆ ಬಿಟ್ಟು ಓದಲು ಹೊರಟಾಗ ನಾನು ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಹಿಂದಿನ ಗಾಜಿನಿಂದಲೇ ನೋಡುತ್ತಿದ್ದೆ. ಮುಂದೆ ಏನಿದೆ ಅಂತ ನೋಡುವ ಧೈರ್ಯ ಇರಲಿಲ್ಲ. ದೋಣಿ ನನ್ನದಲ್ಲ, ಆ ಕೂರುವ ರೀತಿ ನನ್ನದು. ಕಲ್ಪನೆಯ ಹಾಡಿನಲ್ಲಿ ಬರೆಯುವವರ ಬದುಕು ಹೀಗೆ ಎಲ್ಲೋ ಒಂದು ಕಡೆ ಗಂಟು ಹಾಕಿಕೊಂಡಿರಬೇಕು. ಆ ಗಂಟು ಸಿಗುವ ತನಕ ಹುಡುಕಿ. ಸಿಗದಿದ್ದರೆ ಆ ವಿಷಯ ಸದ್ಯಕ್ಕೆ ಬಿಡಿ. ಇದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪದಿರಬಹುದು.

ಅಮೆರಿಕದ ಗಾಯಕ ಜಾನಿ ಕ್ಯಾಶ್ ಫಾಲ್ಸಮ್ ಜೈಲಿನ ಕೈದಿಯೊಬ್ಬನ ಹಾಡು "ಫಾಲ್ಸಮ್ ಪ್ರಿಸನ್ ಬ್ಲೂಸ್" ಬರೆದಾಗ ಆ ಜೈಲಿನ ಒಳಗೆ ಕಾಲಿಟ್ಟಿರಲಿಲ್ಲ. ಅಮೆರಿಕದ ವಾಯುಪಡೆಯ ಕೆಲಸದಲ್ಲಿ ಜರ್ಮನಿಯಲ್ಲಿದ್ದರು. ಆ ಜೈಲಿನ ಬಗ್ಗೆ ಒಂದು ಸಿನಿಮಾ ನೋಡಿ ಬರೆದರು, 1955ರಲ್ಲಿ ಹಾಡು ಹೊರಬಂತು. ಹಾಡಿನ ಕೈದಿ ಮಾಡಿದ ಕೊಲೆಗೆ ಅತಿ ಕೆಟ್ಟ ಕಾರಣ ಯಾವುದಿರಬಹುದು ಅಂತ ಕೂತು ಯೋಚಿಸಿದ್ದಾಗಿ ಅವರೇ ಆಮೇಲೆ ಹೇಳಿದ್ದಾರೆ. ಎಲ್ಲ ಕಲ್ಪನೆ. ಆದರೆ ಆ ಹಾಡಿನಲ್ಲಿ ಬರುವ, ದೂರದಲ್ಲಿ ಹೋಗುವ ರೈಲಿನ ಸದ್ದು, ಹೋಗಲಾಗದೆ ಕೂತವನ ಕಿವಿಗೆ ಹೇಗೆ ಕೇಳುತ್ತದೆ ಅನ್ನುವುದು ಮನೆಯಿಂದ ಅಷ್ಟು ದೂರ ಇದ್ದವರಿಗೆ ಗೊತ್ತಿರಲಿಲ್ಲ ಅಂತ ನಾನಂತೂ ನಂಬಲಾರೆ. ಈ ಹಾಡಿಗೆ ಇನ್ನೊಂದು ಮುಖವೂ ಇದೆ. ಟ್ಯೂನ್ ಮತ್ತು ಹಲವು ಸಾಲುಗಳು ಗಾರ್ಡನ್ ಜೆಂಕಿನ್ಸ್ ಎಂಬ ಸಂಗೀತಗಾರರ ಹಳೆಯ ಹಾಡಿನಿಂದ ಬಂದವು, ಮುಂದೆ ಹಣ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಅನುಭವವಿಲ್ಲದ ವಿಷಯ ಬರೆಯುವಾಗ ಈ ಅಪಾಯ ನಮಗೂ ಇದೆ. ಖಾಲಿ ಜಾಗಕ್ಕೆ ಮೊದಲು ಬಂದು ಕೂರುವುದು ಕೇಳಿದ ಹಾಡಿನ ಸಾಲು. ಒಂದು ಸಾಲು ತೀರಾ ಸುಲಭವಾಗಿ, ಟ್ಯೂನ್ ಸಮೇತ ಬಂದರೆ ಖುಷಿಪಡುವ ಮೊದಲು ಅನುಮಾನಪಡಿ.

8. ಹಸಿ ಗಾಯ, ಇನ್ನೊಬ್ಬರ ಗಾಯ

ಹಸಿ ಗಾಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿವರಗಳನ್ನು ಅದೇ ದಿನ ಗದ್ಯದಲ್ಲಿ ಬರೆದಿಡಿ, ಅವು ಬೇಗ ಮಾಸುತ್ತವೆ. ಹಾಡು ಆಮೇಲೆ ಬರೆಯಿರಿ. ಎಷ್ಟು ಆಮೇಲೆ? ಆ ವಿವರಗಳನ್ನು ಓದುತ್ತಾ ಒಂದು ಪದ ಬದಲಾಯಿಸೋಣ ಅಂತ ನಿಮಗೆ ಅನಿಸುವ ದಿನ. ಅಲ್ಲಿಯವರೆಗೆ ಅದು ಮುಟ್ಟಿದರೆ ರಕ್ತ ಬರುವ ವಸ್ತು.

ಇನ್ನೊಬ್ಬರ ಗಾಯದ ವಿಷಯದಲ್ಲಿ ನಾನು ತಪ್ಪು ಮಾಡಿದ್ದೇನೆ. ಗೆಳೆಯನೊಬ್ಬನ ಸಂಬಂಧ ಮುರಿದಿತ್ತು. ಅವನ ಜೊತೆಗಿದ್ದವಳು ಬೆಳಗಿನ ಪಾಳಿಗೆ ಹೋಗುತ್ತಿದ್ದಳು. ಅವಳು ಹೋದ ಮೇಲೂ ಅವಳನ್ನು ಎಬ್ಬಿಸಲು ಇಟ್ಟ ಅಲಾರಂ ಅವನು ತೆಗೆದಿರಲಿಲ್ಲ. ಒಂದು ರಾತ್ರಿ ನನಗೆ ಹೇಳಿದ್ದ. ಅದನ್ನು ಹಾಡು ಮಾಡಿದೆ. ಹೆಸರಿರಲಿಲ್ಲ. ಗಂಡನ್ನು ಹೆಣ್ಣು ಮಾಡಿದ್ದೆ, ಕೆಲಸ ಬದಲಾಯಿಸಿದ್ದೆ, ಕಾಲವನ್ನೂ ಬದಲಾಯಿಸಿದ್ದೆ. ಯಾರಿಗೂ ಗೊತ್ತಾಗುವುದಿಲ್ಲ ಅಂತ ಧೈರ್ಯವಾಗಿ ಹತ್ತು ಜನರ ಮುಂದೆ ಹಾಡಿದೆ. ಅವನೂ ಇದ್ದ. ಮುಗಿದ ಮೇಲೆ ಬಂದು, "ಹಾಡು ಚೆನ್ನಾಗಿದೆ ಕಣೋ. ಆದರೆ ಆ ಅಲಾರಂ ವಿಷಯ ನಾನು ನಿನಗೆ ಮಾತ್ರ ಹೇಳಿದ್ದು" ಅಂದ. ಆಮೇಲೆ ಬಹಳ ದಿನ ಮಾತು ಕಡಿಮೆಯಾಯಿತು.

ಗುರುತು ಹೆಸರಿನಲ್ಲಿ ಇರುವುದಿಲ್ಲ, ವಿವರದಲ್ಲಿ ಇರುತ್ತದೆ. ನಾನು ಬದಲಾಯಿಸಬೇಕಾಗಿದ್ದದ್ದು ಆ ಅಲಾರಂ ಒಂದನ್ನೇ, ಅದೊಂದನ್ನೇ ಉಳಿಸಿಕೊಂಡಿದ್ದೆ, ಯಾಕೆಂದರೆ ಹಾಡಿನಲ್ಲಿ ಚೆನ್ನಾಗಿದ್ದದ್ದೂ ಅದೊಂದೇ. ಈಗ ಹೀಗೆ ಮಾಡುತ್ತೇನೆ: ಇನ್ನೊಬ್ಬರಿಂದ ಬಂದ ವಿವರ ಹಾಡಿಗೆ ಬೇಕೇ ಬೇಕು ಅನಿಸಿದರೆ ಮೊದಲು ಅವರಿಗೆ ತೋರಿಸಿ ಕೇಳುತ್ತೇನೆ. ಬೇಡ ಅಂದರೆ ಅದೇ ಕೆಲಸ ಮಾಡುವ ಇನ್ನೊಂದು ವಿವರವನ್ನು ಕಲ್ಪಿಸುತ್ತೇನೆ. ಹೋದವರಿಗಾಗಿ ಈಗಲೂ ನಡೆಯುತ್ತಿರುವ ಒಂದು ಅಭ್ಯಾಸ ಬೇಕು, ಅಷ್ಟೇ ಅಲ್ವಾ? ಹೊರಗಿನ ದೀಪ ಆರಿಸದೆ ಬಿಡುವುದು, ಹಾಸಿಗೆಯ ಒಂದೇ ಬದಿಗೆ ಮಲಗುವುದು. ಹುಡುಕಿದರೆ ಸಿಗುತ್ತದೆ. ಆ ದಿನ ನಾನು ಹುಡುಕಲಿಲ್ಲ.

9. ಕೇಳಿಸಿ, ಆದರೆ ವಿವರಿಸಬೇಡಿ

ಹಾಡು ಮುಗಿದ ಮೇಲೆ ಅದರ ಹಿಂದಿನ ಕಥೆ ಗೊತ್ತಿಲ್ಲದ ಒಬ್ಬರಿಗೆ ಹಾಡಿ ತೋರಿಸಿ. "ಇದು ಏನಾಯ್ತು ಅಂದ್ರೆ..." ಅಂತ ಪೀಠಿಕೆ ಹಾಕಬೇಡಿ. ಮುಗಿದ ಮೇಲೆ "ಹೇಗಿದೆ?" ಎಂದೂ ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. "ಏನು ಕಾಣಿಸಿತು?" ಎಂದು ಕೇಳಿ. ಅವರು ಒಂದು ವಸ್ತು, ಒಂದು ಜಾಗ, ಒಬ್ಬ ಮನುಷ್ಯ ಅಂತ ಹೇಳಿದರೆ ಹಾಡು ನಿಂತಿದೆ. "ಒಂಥರಾ ಬೇಜಾರಾಯ್ತು" ಅಂದರೆ ಮೊದಲ ಹಂತಕ್ಕೆ ವಾಪಸ್. ನೀವು ಎಲ್ಲೋ ಭಾವನೆಯ ಹೆಸರು ಹೇಳಿ ತಪ್ಪಿಸಿಕೊಂಡಿದ್ದೀರಿ.

ಅವರು ಕಂಡದ್ದು ನೀವು ಬರೆದದ್ದಕ್ಕಿಂತ ಬೇರೆಯಾಗಿದ್ದರೆ ತಿದ್ದಲು ಹೋಗಬೇಡಿ. ಮನೆಯ ಹಾಡನ್ನು ಮೊದಲು ಕೇಳಿದವರು ನನಗಿಂತ ತುಂಬಾ ದೊಡ್ಡವರು, ಹೆಚ್ಚು ಮಾತಾಡದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಚೌಕದಲ್ಲಿ ಇದ್ದದ್ದು ಯಾರ ಫೋಟೋ?" ಎಂದು ಕೇಳಿದರು. ಕ್ಯಾಲೆಂಡರ್ ಅಂತ ಬಾಯಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.